ನಿಮ್ಮವ್ವನಿಗೆ ಓದದ ಸಾಲು

ಮಿಡಿಗೇಶಿ, ಜನವರಿ ೧೯೭೨

ಅಂಜನಪ್ಪ,

ನೀನು ಯುದ್ಧದಲ್ಲಿ ತೀರಿಕೊಂಡೆಯೆಂದು ತಂತಿ ಬಂದು ಇಪ್ಪತ್ತು ದಿನವಾಯಿತು. ಅದಕ್ಕೂ ಮೊದಲು ನೀನು ಬರೆದ ಕಾಗದ ಇವತ್ತು ಬಂತು. ನನಗೆಂದು ಬೇರೆ ಬರೆಯುವ ಧೈರ್ಯ ನಿನಗೆಂದೂ ಇರಲಿಲ್ಲ. ಎಂದಿನಂತೆ ನಿಮ್ಮವ್ವ ಅದನ್ನು ಓದಿಸಲು ನನ್ನ ಹತ್ತಿರ ತಂದರು. ಜಗಲಿಯ ಮೇಲೆ ನಮ್ಮಪ್ಪನೂ ಕೂತಿದ್ದ.

ಕೊನೆಯಲ್ಲಿ ಬರೆದಿದ್ದೆ: “ಅವ್ವಾ, ಇದನ್ನು ಓದುತ್ತಿರುವ ಹೊನ್ನಿಯನ್ನೇ ನಾನು ಮದುವೆಯಾಗುವುದು.”

ಆ ಸಾಲಿಗೆ ಬರುತ್ತಲೇ ಓದು ನಿಲ್ಲಿಸಿದೆ.

“ಯಾಕಮ್ಮ ನಿಂತ್ಬುಟ್ಟೆ? ಇನ್ನೇನ್ ಬರ್ದವ್ನೆ?” ಎಂದರು ನಿಮ್ಮವ್ವ.

“ಅಷ್ಟೇ ಕಣವ್ವ. ಚೆನ್ನಾಗವ್ನಂತೆ,” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಕೊಡಮ್ಮ. ನಾಳೀಕೆ ಮೇಷ್ಟ್ರು ಕೈಲಿ ಇನ್ನೊಂದ್ಸಲ ಓದುಸ್ತೀನಿ. ಅವನ ಮಾತು ಕೇಳ್ದಂಗಾಯ್ತದೆ.”

ಇಲ್ಲೇ ಇರಲಿ ಎನ್ನಬಹುದಿತ್ತು. ಅನ್ನಲಿಲ್ಲ. ಅಪ್ಪನ ಎದುರೇ ಮಡಿಸಿ ಅವರ ಕೈಗೆ ಕೊಟ್ಟೆ.

ಹೊನ್ನಿ