ಕೈಗವಸಿನೊಳಗೆ ಉಳಿದ ಸಮಯ

ಲೋ ಗಡಿಯಾರ,

ಗೆಳೆಯಾ, ನೀನು ನನ್ನ ಜೊತೆ ಮಾತು ಬಿಟ್ಟು ವರ್ಷವಾಯಿತು. ಇದನ್ನು ಕಳಿಸುವುದಿಲ್ಲ, ಹೆದರಬೇಡ. ಆದರೆ ಇವತ್ತಿನ ಕಥೆಯನ್ನು ನಿನಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಮೀನು ಹಿಡಿಯಲು ಅಳಿವೆಗೆ ನನ್ನ ಪುಟ್ಟ ಕಯಾಕ್ ದೋಣಿ ಇಳಿಸುವ ಮುಂಚೆ, ನೀನು ಮಾಡುತ್ತಿದ್ದಂತೆಯೇ, ಇಳಿತಕ್ಕೆ ಮೊದಲು ವಾಪಸಾಗಬೇಕಾದ ಸಮಯವನ್ನು ಅಂಗೈ ಮೇಲೆ ಬರೆದುಕೊಂಡೆ. ಆಮೇಲೆ ಚಳಿಯೆಂದು ಅದರ ಮೇಲೇ ಕೈಗವಸು ಹಾಕಿದೆ! ಗಾಳಕ್ಕೆ ಮೀನು ಕಚ್ಚತೊಡಗಿದ ಮೇಲೆ ಸಮಯ ಯಾರಿಗೆ ನೆನಪು? ನೀರು ಇಳಿದುಹೋಗಿ, ಕಯಾಕ್ ಸಮೇತ ಕೆಸರಿನ ದಿಬ್ಬದ ಮೇಲೆ ಕೂತೆ.

ಕೆಸರಿಗೆ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುತ್ತೇವೆ ಎಂದು ನೀನೇ ಹೇಳಿದ್ದೆಯಲ್ಲ, ಕದಲಲಿಲ್ಲ. ಲೈಫ್ ಜಾಕೆಟ್ಟಿನ ಸೀಟಿ ಊದಿದೆ. ದಡಕ್ಕೆ ಓಡಿ ಬಂದ ನನ್ನ ಹೆಂಡತಿ, "ಅಲ್ಲೇ ಕೂತಿರ್ರೀ! ಉಬ್ಬರ ಬಂದಾಗ ಬನ್ನಿ, ನಾನಂತೂ ಊಟ ಮುಗಿಸಿರ್ತೀನಿ!" ಎಂದು ಕೂಗಿದಳು.

ನಾಲ್ಕು ಗಂಟೆ ಕಾದೆ. ನಡುಗುತ್ತ ಚೀಲ ತಡಕಿದರೆ, ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉಣ್ಣೆಯ ಅಂಗಿ. ಹೋದ ಚಳಿಗಾಲ, ಸಮಯಕ್ಕೆ ಸರಿಯಾಗಿ ದಡಕ್ಕೆ ತಿರುಗಿದ ನಿನ್ನನ್ನು ಎಲ್ಲರೆದುರು ಪುಕ್ಕಲ ಎಂದೆನಲ್ಲ, ಅವತ್ತು ಬೆಳಿಗ್ಗೆ ನೀನು ನನ್ನ ಚೀಲಕ್ಕೆ ತುರುಕಿದ್ದು. ನಿನ್ನದೇ ಅಂಗಿ ಇರಬೇಕೆಂದು ಇಷ್ಟು ದಿನ ಬಿಚ್ಚಿಯೂ ನೋಡಿರಲಿಲ್ಲ.

ನೀನು ಕಡ್ಡಿ, ನಾನು ಡ್ರಮ್ಮು. ಅಂಗಿ ನನಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು.