ಅರವತ್ತು ಕಾರ್ಡು, ಒಂದು ಮುಂಗುಸಿ

ಗುರುವಾರ, ಊಟದ ಬಿಡುವು
ಅಂಗಡಿಯಿಂದ

ಲೆಕ್ಕದ ಮೇಡಂಗೆ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು, ಅದು ಯಾವಾಗಲೂ ನಿನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆರು ತಿಂಗಳಿಂದ ಬೇರೆ ಮನೆಯಲ್ಲಿರುವ ಹೆಂಡತಿಯನ್ನು ಏನೆಂದು ಕರೆದು ಬರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ನಿನ್ನ ಚೀಟಿ ಬಂತು. ನಾಲ್ಕೇ ಸಾಲು, ಅದೂ ಗ್ರಾಫ್ ಹಾಳೆಯಲ್ಲಿ. ಭಾನುವಾರ ಅವಳು ಪ್ರಾಣಿ ಕಾರ್ಡಿನ ಆಟ ಆಡುವ ಆ ಕಾರ್ಡಿನ ಅಂಗಡಿಗೆ ಸ್ವಂತ ಡೆಕ್, ಅಂದರೆ ಆಡುವ ಕಾರ್ಡುಗಳ ಕಟ್ಟು, ಕಟ್ಟಿಕೊಂಡು ಬಂದು ಒಂದು ಆಟ ಆಡಿದರೆ ಮಾತ್ರ ನಿನ್ನ ಜೊತೆ ಮಾತು ಎಂದು ನಮ್ಮ ಜಡ್ಜಮ್ಮ ತೀರ್ಪು ಕೊಟ್ಟಿದ್ದಾಳೆ. ಡೆಕ್ ಕಟ್ಟುವುದು ಹೇಗೆಂದು ಅಷ್ಟೇ ಬರಿ, ಬೇರೆ ಪುರಾಣ ಬೇಡ ಎಂದಿದ್ದೀಯ. ಹನ್ನೊಂದು ವರ್ಷದ ಮಗಳು ಷರತ್ತು ಹಾಕುವುದು, ಇಡೀ ಶಾಲೆಯನ್ನು ನಡುಗಿಸುವ ತಾಯಿ ಅದಕ್ಕೆ ಹೂಂ ಅನ್ನುವುದು! ಮೊದಲು ನಗು ಬಂತು. ಆಮೇಲೆ ಚೀಟಿಯನ್ನು ಇನ್ನೊಂದು ಸಲ ಓದಿದೆ, ನಗು ಬರಲಿಲ್ಲ.

ಸರಿ, ಡೆಕ್. ಅದರಲ್ಲಿ ಅರವತ್ತು ಕಾರ್ಡು ಇರಲೇಬೇಕು. ಹೆಚ್ಚಿದ್ದರೆ ಯಾರೂ ಬೇಡ ಅನ್ನುವುದಿಲ್ಲ, ಆದರೆ ಹೊಸಬರು ಎಡವುವುದು ಅಲ್ಲೇ. ಇದೂ ಇರಲಿ, ಅದೂ ಇರಲಿ ಎಂದು ಮೊದಲ ಸಲ ನಾನು ಎಂಬತ್ತಮೂರು ತುಂಬಿದ್ದೆ. ಬೇಕಾದ ಕಾರ್ಡು ಆಟ ಮುಗಿಯುವ ತನಕ ತಳದಲ್ಲೇ ಮಲಗಿತ್ತು. ಇದೇನಪ್ಪ ಡೆಕ್ಕಾ, ಗುಜರಿ ಚೀಲಾನಾ ಎಂದು ಮಗಳು ಕೇಳಿದಳು. ಅರವತ್ತಕ್ಕೆ ನಿಲ್ಲಿಸು. ಯಾಕೆ ಎಂಬ ಲೆಕ್ಕವನ್ನು ನಾನು ನಿನಗೆ ಹೇಳಿಕೊಟ್ಟರೆ ಜನ ನಗುತ್ತಾರೆ.

ಅದರಲ್ಲಿ ಇಪ್ಪತ್ತು ಶಕ್ತಿ ಕಾರ್ಡು ಹಾಕು. ನೋಡಲು ತೀರಾ ಸಪ್ಪೆ, ಒಂದು ಬಣ್ಣದ ಚುಕ್ಕಿ ಬಿಟ್ಟರೆ ಏನೂ ಇಲ್ಲ. ಆದರೆ ಯಾವ ಪ್ರಾಣಿಯನ್ನು ಮೇಜಿಗೆ ಇಳಿಸಬೇಕಾದರೂ ಇವು ಬೇಕು. ಜಿಪುಣತನ ಮಾಡಿದರೆ ಕೈತುಂಬ ಹುಲಿ ಸಿಂಹ ಹಿಡಿದುಕೊಂಡು ಪೆಚ್ಚುಮೋರೆ ಹಾಕಿ ಕೂರಬೇಕಾಗುತ್ತದೆ. ಬಣ್ಣ ಎರಡೇ ಸಾಕು, ಹಸಿರು ನೀಲಿ ತಗೋ. ದೊಡ್ಡ ಪ್ರಾಣಿಗಳ ಮೋಹಕ್ಕೂ ಬೀಳಬೇಡ. ಐದು ಶಕ್ತಿ ಬೇಡುವ ಆನೆ ನಿನ್ನ ಕೈಯಲ್ಲಿ ಕಾಯುತ್ತಿರುವಾಗ ಅವಳು ಒಂದೊಂದೇ ಶಕ್ತಿಯ ಇಲಿಗಳನ್ನು ಛೂ ಬಿಟ್ಟು ಅರ್ಧ ಆಟ ಗೆದ್ದಿರುತ್ತಾಳೆ. ಸಣ್ಣವು ಹದಿನಾರು, ನಡುವಿನವು ಹತ್ತು, ದೊಡ್ಡವು ನಾಲ್ಕು. ಒಳ್ಳೆಯದೊಂದು ಸಿಕ್ಕರೆ ಅದರದ್ದೇ ನಾಲ್ಕು ಪ್ರತಿ ಹಾಕು, ನಿಯಮ ಅಷ್ಟಕ್ಕೆ ಬಿಡುತ್ತದೆ. ಉಳಿದ ಹತ್ತು ಜಾಗಕ್ಕೆ ಇನ್ನೊಂದು ಕಾರ್ಡು ಎಳೆದುಕೊಳ್ಳಲು ಬಿಡುವಂಥ ಸಹಾಯದ ಕಾರ್ಡುಗಳು.

ಕಟ್ಟಿದ ಮೇಲೆ ಚೆನ್ನಾಗಿ ಕಲೆಸಿ ಏಳು ಕಾರ್ಡು ಎಳೆದು ನೋಡು. ಮೊದಲ ಮೂರು ಸರದಿಯಲ್ಲಿ ಏನಾದರೂ ಮಾಡಲು ಆಗುತ್ತದೆಯೇ? ಹತ್ತು ಸಲ ಹೀಗೆ ಎಳೆದು ಏಳು ಸಲ ಆಗುತ್ತದೆ ಅನ್ನಿಸಿದರೆ ಡೆಕ್ ನಿಂತಿತು. ಇಲ್ಲದಿದ್ದರೆ ಎರಡು ಮೂರು ಕಾರ್ಡು ಮಾತ್ರ ಬದಲಿಸು, ಇಡೀ ಡೆಕ್ಕನ್ನೇ ಬಿಚ್ಚಿ ಹಾಕಬೇಡ. ನಮ್ಮಿಬ್ಬರಿಗೂ ಆ ಚಾಳಿ ಇದೆ.

ಇನ್ನು ಕವರು. ಅರವತ್ತಕ್ಕೂ ಒಂದೇ ಬಣ್ಣದ, ಒಂದೇ ದಪ್ಪದ ಪ್ಲಾಸ್ಟಿಕ್ ಕವರು ಹಾಕಬೇಕು. ಒಂದು ಕಾರ್ಡು ಬೇರೆ ಥರ ಇದೆಯೆಂದು ಬೆರಳಿಗೆ ಗೊತ್ತಾದರೂ ಆಡಲು ಬಿಡುವುದಿಲ್ಲ. ಇದು ನನಗೆ ಹೇಗೆ ತಿಳಿಯಿತೆಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಇಲ್ಲಿಂದ ಮುಂದೆ ಪುರಾಣವೇ.

ಅವಳ ಬೆಳ್ಳಿ ಮುಂಗುಸಿ ನೆನಪಿದೆಯಲ್ಲ? ಪ್ಯಾಕೆಟ್ ಒಡೆದಾಗ ಇಡೀ ಅಂಗಡಿಯೇ ಸುತ್ತ ನೆರೆದು ನೋಡಿದ ಕಾರ್ಡು. ಅದನ್ನು ನೀನು ಎಸೆಯಲಿಲ್ಲ. ಆ ಶನಿವಾರ ನೀನು ಅವಳ ಕೋಣೆ ಗುಡಿಸಿ ಎರಡು ಚೀಲ ರದ್ದಿ ಹೊರಗೆ ಹಾಕಿದ್ದು ನಿಜ. ಆದರೆ ಅದಕ್ಕೆ ಎರಡು ದಿನ ಮೊದಲೇ ಮುಂಗುಸಿ ನನ್ನ ಅಂಗಡಿ ಸೇರಿತ್ತು. ಮೂಲೆ ಮಡಚಿಕೊಳ್ಳುತ್ತಿದೆ ಎಂದು ಅವಳು ಗೋಳಾಡುತ್ತಿದ್ದಳು. ಅವಳಿಗೆ ಗೊತ್ತಾಗದ ಹಾಗೆ ಸರಿಮಾಡಿ ಕೊಟ್ಟು ಖುಷಿಪಡಿಸೋಣ ಎಂದು ಎತ್ತಿಕೊಂಡು ಬಂದೆ. ನನಗೆ ಬರುವ ವಿದ್ಯೆ ಒಂದೇ. ಹದಿನಾಲ್ಕು ವರ್ಷದಿಂದ ಊರವರ ಅಂಕಪಟ್ಟಿ, ಸರ್ಟಿಫಿಕೇಟುಗಳನ್ನೆಲ್ಲ ನೀರಿನಿಂದ, ಗೆದ್ದಲಿನಿಂದ ಕಾಪಾಡಿದ್ದು ಆ ವಿದ್ಯೆಯೇ. ಮೆಷಿನ್ ಕಾಯಿಸಿ, ಇದ್ದುದರಲ್ಲೇ ದಪ್ಪನೆಯ ಹಾಳೆಯಲ್ಲಿಟ್ಟು ಲ್ಯಾಮಿನೇಶನ್ ಮಾಡಿದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದೆ. ನೋಡಿ ನನಗೇ ಹೆಮ್ಮೆಯಾಯಿತು.

ಮನೆಗೆ ಬರುವ ದಾರಿಯಲ್ಲಿ ಕಾರ್ಡಿನ ಅಂಗಡಿಯವನಿಗೆ ತೋರಿಸಿದೆ. ಅವನು ತಲೆಯ ಮೇಲೆ ಕೈಹೊತ್ತ. ಅಯ್ಯೋ ಏನ್ ಮಾಡ್ಬಿಟ್ರಿ ಸಾರ್, ಇದನ್ನ ಕಣ್ಣು ಮುಚ್ಕೊಂಡೇ ಹುಡುಕಬಹುದು, ಇನ್ನು ಆಟಕ್ಕೆ ಬರಲ್ಲ, ಬಿಡಿಸೋಕೆ ಹೋದ್ರೆ ಬೆಳ್ಳಿಯೆಲ್ಲ ಕಿತ್ಕೊಂಡು ಬರುತ್ತೆ ಎಂದ. ಅಂದಿನಿಂದ ಅದು ನನ್ನ ಬೈಂಡಿಂಗ್ ಮೇಜಿನ ಡ್ರಾಯರಿನಲ್ಲಿದೆ.

ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಶನಿವಾರ ಬಂತು. ಅವಳು ಮನೆಯೆಲ್ಲ ಜಾಲಾಡಿ ನಿನ್ನ ಮೇಲೆ ಹರಿಹಾಯ್ದಳು. ಒಂದು ಬಣ್ಣದ ಕಾಗದಕ್ಕೆ ಇಷ್ಟು ರಂಪಾನಾ ಎಂದು ನೀನೂ ರೇಗಿದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಅಳುವಿಗೆ ಹೆದರಿ ಬಾಯಿ ಬಿಡಲಿಲ್ಲ, ಅದನ್ನಾದರೂ ಕ್ಷಮಿಸಬಹುದು. ಆದರೆ ನೀನು ಶಾಲೆಯ ಹತ್ತಿರ ಮನೆ ಹಿಡಿದಾಗ, ಯಾರ ಜೊತೆ ಇರ್ತೀಯ ಎಂದು ನಾವಿಬ್ಬರೂ ಅವಳನ್ನು ಕೂರಿಸಿಕೊಂಡು ಕೇಳಿದೆವು. ಅಪ್ಪನ ಜೊತೆ, ಅಮ್ಮ ನನ್ನ ಮುಂಗುಸಿ ಎಸೆದಳು ಎಂದಳು. ಆಗಲೂ ನಾನು ಸುಮ್ಮನಿದ್ದೆ. ಆಗಿನದು ಅಳುವಿನ ಹೆದರಿಕೆಯಲ್ಲ. ಅವಳೂ ಹೊರಟುಬಿಟ್ಟರೆ ಆ ಮನೆಯಲ್ಲಿ ಒಬ್ಬನೇ ಹೇಗಿರಲಿ ಎಂಬ ಸ್ವಾರ್ಥ.

ಸಾಮಾನು ಕಟ್ಟುತ್ತ ನೀನು ನನ್ನನ್ನು ಕೇಳಿದ್ದೆ, ನಾನೇ ನೋಡದೆ ಎಸೆದುಬಿಟ್ಟೆನೇನೋ ಅಲ್ವಾ ಎಂದು. ಇರಲಿ ಬಿಡು, ಆಗಿದ್ದಾಯ್ತು ಎಂದು ಸಮಾಧಾನ ಹೇಳಿದೆ. ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿದೆ ನೋಡು, ಎಂಥ ದೊಡ್ಡ ಮನುಷ್ಯ ನಾನು. ಆ ಮಾತು ನೆನಪಾದರೆ ಇವತ್ತಿಗೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಭಾನುವಾರ ನಿಮ್ಮ ಆಟ ಮುಗಿದ ಮೇಲೆ ಅವಳಿಗೆ ನಾನೇ ಎಲ್ಲ ಹೇಳುತ್ತೇನೆ. ಅಲ್ಲಿಯತನಕ ತಾಳು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಆಟದಲ್ಲಿ ಮಾತ್ರ ಬೇಕೆಂದೇ ಸೋಲಬೇಡ. ನಾನು ಒಮ್ಮೆ ಹಾಗೆ ಮಾಡಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅವಳಿಗೆ ಮೋಸ ಆಗಿಬರುವುದಿಲ್ಲ, ಆ ಗುಣ ನಿನ್ನದು.

ಈಗಲೂ ಹೀಗೆ ಬರೆಯಬಹುದಾದರೆ,
ನಿನ್ನ ಗಂಡ

ತಾ.ಕ.: ಗಿರಾಕಿಗಳ ನಡುವೆ ಮೂರೂವರೆಯಾಯಿತು; ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವಳು ಶಾಲೆಯಿಂದ ನೇರ ಅಂಗಡಿಗೆ ಬಂದಳು. ಯಾರಿಗೆ ಇಷ್ಟುದ್ದ ಬರೆದಿದ್ದೀಯ ಎಂದಳು. ಭಾನುವಾರದ ತನಕ ತಡೆಯಲು ನನ್ನಿಂದ ಆಗಲಿಲ್ಲ, ಹೇಳಿಬಿಟ್ಟೆ. ಅಳಲಿಲ್ಲ. ಅಮ್ಮನಿಗೆ ಇದು ಗೊತ್ತಿತ್ತಾ ಎಂದು ಒಂದೇ ಒಂದು ಪ್ರಶ್ನೆ ಕೇಳಿದಳು. ಇಲ್ಲ ಎಂದೆ. ಮನೆಗೆ ಹೋಗಿ ಬಟ್ಟೆ, ಪುಸ್ತಕ ಎಲ್ಲ ತುಂಬಿಕೊಂಡು ಬಂದು ಈಗ ಅಂಗಡಿಯ ಮೆಟ್ಟಿಲ ಮೇಲೆ, ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಹಾಗಾಗಿ ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ, ಅವಳ ಕೈಯಲ್ಲೇ ಬರುತ್ತದೆ. ಐದು ಗಂಟೆಯ ಬಸ್ಸಿಗೆ ನಾನೇ ಕರೆತಂದು ನಿನ್ನ ಬೀದಿಯ ತಿರುವಿನಲ್ಲಿ ಬಿಡುತ್ತೇನೆ. ಅವಳಿಗೆ ಸ್ವಲ್ಪ ಕೆಮ್ಮು ಇದೆ, ಔಷಧಿ ಚೀಲದ ಪಕ್ಕದ ಜೇಬಿನಲ್ಲಿದೆ. ಯಾವಾಗ ವಾಪಸ್ ಬರ್ತೀಯ ಎಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ.