ನೀನು ಬಿಗಿದು ಹೋದ ಫಿಲ್ಟರ್

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ ಅಂತ ಬರೆಯಬೇಕಲ್ಲ, ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ಇಷ್ಟು ದಿನ ಬರೆಯದೆ ಇದ್ದದ್ದು ನನ್ನದೇ ಸೋಮಾರಿತನ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೆ ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಕೂತಿದ್ದೇನೆ. ಅಲ್ಲಲ್ಲಿ ಕಪ್ಪು ಬೆರಳಚ್ಚು ಕಂಡರೆ ಅದೂ ನಿನ್ನ ಕೃಪೆಯೇ. ಮೂರು ಸಲ ಸೋಪು ಹಾಕಿ ಉಜ್ಜಿದರೂ ಉಗುರು ಸಂದಿಯ ಆಯಿಲ್ ಹೋಗಿಲ್ಲ.

ಒಂದು ಮಾತು ಕೇಳುತ್ತೇನೆ. ಮನೆ ಬಿಟ್ಟು ಹೋಗುವ ದಿನ ನಮ್ಮ ಹಳೇ ಪಿಕಪ್ಪಿಗೆ ಆಯಿಲ್ ಬದಲಾಯಿಸಿ ಹೋದೆಯಲ್ಲ, ಆ ಫಿಲ್ಟರನ್ನು ಏನು ಏಳೇಳು ಜನ್ಮಕ್ಕೂ ಇರಲಿ ಅಂತ ಬಿಗಿದೆಯಾ? ಆಯಿಲ್ ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಪಾನಾ ಹಾಕಬಾರದು ಅಂತ ಅಪ್ಪ ನಮಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದರು. ನೀನು ಬೇಕಂತಲೇ ಪಾನಾ ಹಾಕಿದ್ದೀಯ, ಅವರು ಮತ್ತೆ ಮುಟ್ಟಿ ತಿರುಗಿಸಿ ನೋಡುವುದಕ್ಕೆ ಜಾಗವೇ ಇರಬಾರದು ಅಂತ. ನನಗೆ ಗೊತ್ತಿಲ್ಲವೇನೋ? ನೀನು ಮಾಡಿದ್ದನ್ನೆಲ್ಲ ಅಪ್ಪ ಹಿಂದೆಯೇ ಬಂದು ಸವರಿ ಸವರಿ ನೋಡುತ್ತಾರೆ, ಒಂದು ನಟ್ಟಿನ ಮಟ್ಟಿಗೂ ನಿನ್ನನ್ನು ನಂಬುವುದಿಲ್ಲ ಅಂತ ತಾನೇ ನೀನು ಜಗಳ ಮಾಡಿಕೊಂಡು ಬೇರೆ ಊರಿನ ಗ್ಯಾರೇಜ್ ಸೇರಿದ್ದು. ನಿಮ್ಮಿಬ್ಬರ ಸಿಟ್ಟಿನ ಮಧ್ಯೆ ಸಿಕ್ಕಿಕೊಂಡದ್ದು ಮಾತ್ರ ನನ್ನ ಗಾಡಿ.

ಸಿನಿಮಾ ಮಂದಿರದ ಕುರ್ಚಿಗಳಿಗೆ ಹೊಸ ಬಟ್ಟೆ ಹೊಲಿದು ಮುಗಿಸಿದ್ದೇನೆ, ನಾಳೆ ತಲುಪಿಸಬೇಕು. ಪಿಕಪ್ಪಿನ ಆಯಿಲ್ ನೋಡಿದರೆ ಮಸಿಯಾಗಿತ್ತು. ಹೊರಗೆ ಕೊಟ್ಟು ಮಾಡಿಸುತ್ತೇನೆ ಅಂದೆ. "ನಾನಿನ್ನೂ ಸತ್ತಿಲ್ಲ ಕಣೇ, ಅರ್ಧ ಗಂಟೆ ಕೆಲಸ" ಅಂದರು ಅಪ್ಪ. ನಿನ್ನೆ ಬೆಳಿಗ್ಗೆ ಶುರುವಾದ ಆ ಅರ್ಧ ಗಂಟೆ ಇವತ್ತು ಮಧ್ಯಾಹ್ನ ಮುಗಿಯಿತು.

ಫಿಲ್ಟರ್ ಮಿಸುಕಲಿಲ್ಲ. ಸ್ಯಾಂಡ್ ಪೇಪರ್ ಸುತ್ತಿ ತಿರುಗಿಸಿದರು. ಸೋಫಾಕ್ಕೆ ಬಿಗಿಯುವ ನನ್ನ ದಪ್ಪ ಪಟ್ಟಿಯನ್ನೇ ಸುತ್ತಿ ಇಬ್ಬರೂ ಎಳೆದೆವು, ಪಟ್ಟಿ ಕಿತ್ತುಹೋಗಿ ನಾನು ಅಂಗಳದಲ್ಲಿ ಕೂತೆ. ಕೊನೆಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಫಿಲ್ಟರ್ ಡಬ್ಬಿಯ ಈ ಕಡೆಯಿಂದ ಆ ಕಡೆಗೆ ತೂರಿಸಿದರು. ತಗಡು ಹರಿಯಿತೇ ಹೊರತು ತಿರುಗಲಿಲ್ಲ. ಆಯಿಲ್ ಮಾತ್ರ ಅಪ್ಪನ ತೋಳಿಗುಂಟ ಇಳಿದು ಬನಿಯನ್ನಿನೊಳಗೆ ಹೋಯಿತು. ಗಾಡಿಯ ಕೆಳಗಿಂದ ನಿನಗೆ ಸಿಕ್ಕ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ.

ಇವತ್ತು ಪಕ್ಕದ ಅಂಗಡಿಯ ವೆಲ್ಡಿಂಗ್ ಮಾವ ಚೈನಿನ ಪಾನಾ ತಂದು ಹಾಕಿದ. ಒಂದೇ ಎಳೆತಕ್ಕೆ ಬಂತು. ಅಪ್ಪ ಥ್ಯಾಂಕ್ಸ್ ಹೇಳಿದರಾ? "ನಾನು ನಿನ್ನೆಯೇ ಸಡಿಲ ಮಾಡಿ ಇಟ್ಟಿದ್ದೆ" ಅಂದರು. ಮಾವ ನನ್ನ ಮುಖ ನೋಡಿದ, ನಾನು ಆಕಾಶ ನೋಡಿದೆ.

ಹಳೇ ಫಿಲ್ಟರಿನ ರಬ್ಬರ್ ರಿಂಗು ಕೆಲವು ಸಲ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ, ಬೆರಳಾಡಿಸಿ ನೋಡದೆ ಹೊಸದು ಹಾಕಬಾರದು ಅಂತ ಹೇಳಿ ಹೇಳಿ ನಮ್ಮ ತಲೆ ತಿಂದವರು ಯಾರು? ಅವರೇ. ಬೆರಳಾಡಿಸಿದರು ಕೂಡ. "ಕ್ಲೀನಾಗಿದೆ" ಅಂದರು. ಹೊಸದು ಹಾಕಿ ಸ್ಟಾರ್ಟ್ ಮಾಡಿದೆವು ನೋಡು, ಆಗ ತಾನೇ ತುಂಬಿದ ಆಯಿಲೆಲ್ಲ ದಬದಬ ಅಂತ ನೆಲದ ಪಾಲಾಯಿತು! ಮಾವ ಟಾರ್ಚ್ ಬಿಟ್ಟು ನೋಡಿದರೆ ಹಳೇ ರಿಂಗು ಅಲ್ಲೇ ಇದೆ, ಅದರ ಮೇಲೆ ಹೊಸ ರಿಂಗು ಕೂತಿದೆ.

"ಅವನೇ ಗೋಂದು ಹಾಕಿ ಅಂಟಿಸಿ ಹೋಗಿದ್ದಾನೆ" ಅಂದರು ಅಪ್ಪ.

ನನಗೆ ತಡೆಯಲಿಲ್ಲ. ಕೈಯಲ್ಲಿದ್ದ ಬಟ್ಟೆ ಎಸೆದು, "ಇಲ್ಲದವನ ಮೇಲೆ ಇನ್ನೊಂದು ಮಾತು ಹಾಕಿದ್ರೆ ಈ ಗಾಡೀನ ಗುಜರಿಗೆ ಹಾಕ್ತೀನಿ ಅಪ್ಪಾ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವರು ಪಕ್ಕಕ್ಕೆ ಸರಿದರು. ಎರಡನೇ ಸಲ ನಾನೇ ಕೆಳಗೆ ಮಲಗಿ ರಿಂಗು ಕಿತ್ತು, ಒರೆಸಿ, ಹೊಸ ಫಿಲ್ಟರ್ ಕೂರಿಸಿದೆ. ಕೈಯಲ್ಲೇ. ಈಗ ಒಂದು ಹನಿಯೂ ಸೋರುತ್ತಿಲ್ಲ.

ಇಷ್ಟೇ ಸಮಾಚಾರ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೇರೆಯವರ ಗಾಡಿಗಾದರೂ ಪಾನಾ ಹಾಕಬೇಡ. ಎಲ್ಲಿದ್ದರೂ ನಿನ್ನ ಕೈಗೆ ಒಳ್ಳೇ ಹೆಸರು ಬರಲಿ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಅಕ್ಕ

ತಾ.ಕ.: ಇದನ್ನು ಬರೆಯಬೇಡ ಅಂದಿದ್ದಾರೆ, ಬರೆಯುತ್ತಿದ್ದೇನೆ. ಅಪ್ಪನ ಕೈ ತೊಳೆಸುವಾಗ ನೋಡಿದೆ. ಹರಿದ ತಗಡು ಎರಡು ಬೆರಳನ್ನು ಆಳವಾಗಿ ಕೊಯ್ದಿತ್ತು. ನಿನ್ನೆಯ ಗಾಯ, ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಗಾಬರಿಯಾದದ್ದು ನೋಡಿ, "ನಿನ್ನ ಹೊಲಿಗೆ ಸೂಜಿ ತಂದು ಚುಚ್ಚಿದ್ರೂ ಅಷ್ಟೇ. ಶುಗರ್ ನರಕ್ಕೆ ಇಳಿದಿದೆಯಂತೆ. ಬೆರಳ ತುದಿಗೆ ಏನೂ ಗೊತ್ತಾಗಲ್ಲ" ಅಂದರು. ನೀನು ಮನೆಯಲ್ಲಿದ್ದಾಗಲೇ ಶುರುವಾಗಿತ್ತಂತೆ. ಆಮೇಲೆ ಗೋಡೆ ಕಡೆ ತಿರುಗಿಕೊಂಡು ಹೇಳಿದರು: "ನಾನು ಅವನ ತಪ್ಪು ಹುಡುಕ್ತಿರಲಿಲ್ಲ ಕಣೇ. ಅವನು ಬಿಗಿದದ್ದು ಯಾವಾಗ್ಲೂ ಸರಿಯಾಗೇ ಇರ್ತಿತ್ತು. ಸರಿ ಇರೋದನ್ನ ಮುಟ್ಟಿದ್ರೆ ನನ್ನ ಕೈಗೆ ಇನ್ನೂ ಗೊತ್ತಾಗುತ್ತಾ ಅಂತ ನೋಡ್ಕೊಳ್ತಿದ್ದೆ."

ಬಾ ಅಂತ ಅವರು ಕೇಳುವವರಲ್ಲ. ನಾನು ಕೇಳುತ್ತಿದ್ದೇನೆ, ಬಾರೋ.